ನಾಲ್ಕುಮನೆಯ ಚರಿತ್ರೆ, ಪತ್ನಿಯ ಸಹಕಾರದೊಂದಿಗೆ

ಒಂದು ಸರ್ಚ್ ಇಂಜಿನ್ನಿನ ಚರಿತ್ರೆಯನ್ನು ಕಳೆದುಹೋದ ಕನ್ನಡಕದಿಂದ ಶುರುಮಾಡಿದರೆ ತಿಳಿದವರು ನಗಬಹುದು. ನಗಲಿ. ನಮ್ಮ ಮನೆಯಲ್ಲಿ ಕನ್ನಡಕ ದಿನಕ್ಕೆ ಎರಡು ಸಲ ಕಳೆಯುತ್ತದೆ. ಕಳೆಯುವ ಕೆಲಸ ಇವರದು, ಹುಡುಕುವ ಕೆಲಸ ನನ್ನದು. ಮದುವೆಯಾದ ವಾರದಲ್ಲೇ ಹೀಗೆ ಹಂಚಿಕೆಯಾಯಿತು. ಯಾರೂ ಕೂತು ಮಾತಾಡಿ ಹಂಚಿದ್ದಲ್ಲ. ಇವರು ಎಂದರೆ ನನ್ನ ಗಂಡ, ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನಾನು ಅದೇ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ಪುಸ್ತಕಕ್ಕೆ ಮುದ್ರೆ ಒತ್ತುವುದು, ಬೆನ್ನಿಗೆ ಸಂಖ್ಯೆ ಅಂಟಿಸುವುದು, ಕಾರ್ಡು ಬರೆದು ಡ್ರಾಯರಿಗೆ ಸೇರಿಸುವುದು. ಮೂವತ್ತೊಂದು ವರ್ಷ ಇದನ್ನೇ ಮಾಡಿ ನಿವೃತ್ತಳಾದೆ. ಮನೆಯಲ್ಲೂ ಹೆಚ್ಚುಕಡಿಮೆ ಇದೇ ಕೆಲಸ, ಮುದ್ರೆಯೊಂದು ಇರಲಿಲ್ಲ.

ಕನ್ನಡಕ ಹುಡುಕುವುದಕ್ಕೆ ನನ್ನದೊಂದು ಕ್ರಮವಿತ್ತು. ಅತ್ತೆಯನ್ನು ಕೇಳುತ್ತಿದ್ದೆ, ಮಗಳನ್ನು ಕೇಳುತ್ತಿದ್ದೆ, ಕಳೆದವರನ್ನೂ ಕೇಳುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಜಾಗ ಹೇಳುತ್ತಾರೆ. ಇಬ್ಬರು ಒಂದೇ ಜಾಗ ಹೇಳಿದರೆ ಮೊದಲು ಅಲ್ಲಿಗೆ ಹೋಗುವುದು. ಒಬ್ಬರೇ ಹೇಳಿದ್ದನ್ನು ಆಮೇಲೆ ನೋಡುವುದು. ಇವರು ಹೇಳಿದ ಜಾಗವನ್ನು ಕಟ್ಟಕಡೆಗೆ. ನಾಲ್ಕು ನಿಮಿಷದೊಳಗೆ ಕನ್ನಡಕ ಸಿಗುತ್ತಿತ್ತು. ಇದೊಂದು ವಿದ್ಯೆ ಅಂತ ನನಗೆ ಹೊಳೆದಿರಲಿಲ್ಲ. ಹೊಳೆಯುವುದಕ್ಕೆ ಪುರುಸೊತ್ತು ಬೇಕು.

ಇವರ ಪಿಎಚ್‌ಡಿಗೆಂದು ಮನೆಗೆ ಕಂಪ್ಯೂಟರ್ ಬಂತು. ಅದನ್ನು ಟೆಲಿಫೋನ್ ತಂತಿಗೆ ಸಿಕ್ಕಿಸಿದರೆ ಒಂದು ನಿಮಿಷ ಕಿರುಚಿ, ಆಮೇಲೆ ಜಗತ್ತಿಗೆ ಸೇರಿಕೊಳ್ಳುತ್ತಿತ್ತು. ಆಗಿನ್ನೂ ಒಂದೇ ಸರ್ಚ್ ಇಂಜಿನ್ ಜಗತ್ತನ್ನೆಲ್ಲ ನುಂಗಿರಲಿಲ್ಲ. ಹತ್ತಾರು ಇದ್ದವು, ನಾವು ನೆಚ್ಚಿಕೊಂಡಿದ್ದು ನಾಲ್ಕನ್ನು. ಒಂದಕ್ಕೆ ಗೊತ್ತಿದ್ದದ್ದು ಇನ್ನೊಂದಕ್ಕೆ ಗೊತ್ತಿರುತ್ತಿರಲಿಲ್ಲ. ಇವರು ಚೀಟಿಯಲ್ಲಿ ಎರಡು ಪದ ಬರೆದು ಅಡುಗೆಮನೆಯ ಮೇಜಿನ ಮೇಲಿಟ್ಟು, "ಇದೊಂದು ಸ್ವಲ್ಪ ಹುಡುಕಿಡ್ತೀಯಾ?" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ 'ಸ್ವಲ್ಪ' ಎಂದರೆ ಎರಡು ಗಂಟೆ ಎಂದರ್ಥ. ನಾಲ್ಕೂ ಇಂಜಿನ್‌ಗಳಿಗೆ ಒಂದೇ ಪ್ರಶ್ನೆ ಹಾಕಿ, ಬಂದದ್ದನ್ನು ಹಾಳೆಯಲ್ಲಿ ಬರೆದು, ಎರಡೆರಡು ಸಲ ಬಂದದ್ದಕ್ಕೆ ಗೀಟು ಎಳೆದು, ಇಬ್ಬರು ಒಪ್ಪಿದ್ದನ್ನು ಮೇಲೆ ಹಾಕಿ ಇವರ ಕೈಗೆ ಕೊಡುತ್ತಿದ್ದೆ. ಇವರು ಅದರ ಮೇಲೆ ಲೋಟ ಇಡುತ್ತಿದ್ದರು.

ಅದೇ ವರ್ಷ ಗ್ರಂಥಾಲಯಕ್ಕೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಒಂದು ದಪ್ಪ ಪುಸ್ತಕ ಬಂತು. ಮುದ್ರೆ ಬೀಳುವ ತನಕ ಪುಸ್ತಕ ಯಾರದ್ದೂ ಅಲ್ಲ, ಸಹಾಯಕಿಯದು. ಆ ಪುಸ್ತಕಕ್ಕೆ ಮುದ್ರೆ ಬೀಳಲು ಎರಡು ತಿಂಗಳು ಹಿಡಿಯಿತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಮೂರು ಸಲ ವಿಚಾರಿಸಿದರು, ಮೂರು ಸಲವೂ "ಪ್ರೊಸೆಸ್ಸಿಂಗ್‌ನಲ್ಲಿದೆ ಸರ್" ಎಂದೆ. ಸುಳ್ಳಲ್ಲ. ಅದು ನನ್ನ ತಲೆಯಲ್ಲಿ ಪ್ರೊಸೆಸ್ ಆಗುತ್ತಿತ್ತು, ನಿಧಾನವಾಗಿ, ಕುಕ್ಕರಿನ ಎರಡು ವಿಷಲುಗಳ ನಡುವೆ.

ಹೀಗೆ ಹುಟ್ಟಿದ್ದು ನಾಲ್ಕುಮನೆ ಎಂಬ ನನ್ನ ತಾಣ. ಇಂಥದ್ದಕ್ಕೆ ಮೆಟಾಸರ್ಚ್ ಇಂಜಿನ್ ಎನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅದರ ಹತ್ತಿರ ಸ್ವಂತದ್ದು ಅಂತ ಏನೂ ಇರುವುದಿಲ್ಲ. ನಾಲ್ಕು ಕಡೆ ಹೋಗಿ ಕೇಳಿ, ತಂದದ್ದನ್ನು ಸೋಸಿ, ಕಸ ತೆಗೆದು, ಒಪ್ಪವಾಗಿ ಜೋಡಿಸಿ ಮುಂದಿಡುತ್ತದೆ. ತಿಂದವರು ಬೆಳೆದವರನ್ನು ಹೊಗಳುತ್ತಾರೆ, ಬಡಿಸಿದ ತಟ್ಟೆಯನ್ನೂ ಹೊಗಳುತ್ತಾರೆ. ನನಗೆ ಈ ಕೆಲಸ ಇಷ್ಟು ಬೇಗ ಹತ್ತಿದ್ದು ಬುದ್ಧಿವಂತಿಕೆಯಿಂದಲ್ಲ, ಅಭ್ಯಾಸಬಲದಿಂದ.

ಅದನ್ನು ಇಡಲು ಕಾಲೇಜಿನ ದೊಡ್ಡ ಕಂಪ್ಯೂಟರಿನಲ್ಲಿ ಜಾಗ ಬೇಕಿತ್ತು. ಮೇಷ್ಟ್ರುಗಳಿಗೆ ಅಲ್ಲಿ ಅಕೌಂಟ್ ಕೊಡುತ್ತಿದ್ದರು, ಗ್ರಂಥಾಲಯ ಸಹಾಯಕಿಯರಿಗೆ ಕೊಡುತ್ತಿರಲಿಲ್ಲ. ಇವರ ಅಕೌಂಟಿನಲ್ಲಿಟ್ಟೆವು. ಪಾಸ್‌ವರ್ಡ್ ಇವರಿಗೆ ನೆನಪಿರುತ್ತಿರಲಿಲ್ಲ, ನನ್ನನ್ನೇ ಕೇಳುತ್ತಿದ್ದರು.

ಮೊದಲು ಇವರ ವಿಭಾಗದವರು ಬಳಸಿದರು, ಆಮೇಲೆ ಇಡೀ ಕಾಲೇಜು, ಎರಡು ವರ್ಷದಲ್ಲಿ ಯಾವ್ಯಾವುದೋ ದೇಶದವರು. ಒಂದು ಕಾಲಕ್ಕೆ ದಿನಕ್ಕೆ ಒಂಬತ್ತು ಸಾವಿರ ಪ್ರಶ್ನೆಗಳು ಬರುತ್ತಿದ್ದವು. ಒಂಬತ್ತು ಸಾವಿರ ಜನ ಕಳೆದುಕೊಂಡದ್ದನ್ನು ನಾನು ಹುಡುಕಿಕೊಡುತ್ತಿದ್ದೇನೆ ಎಂದುಕೊಂಡಾಗ ಎದೆಯುಬ್ಬುವ ಬದಲು ಸೊಂಟ ನೋಯುತ್ತಿತ್ತು.

ಇಂಥ ತಾಣಗಳಿಗೆ ಒಂದು ಕಾಯಿಲೆಯಿದೆ, ಅದನ್ನು ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನನ್ನ ಪ್ರೋಗ್ರಾಂ ಆ ನಾಲ್ಕು ಇಂಜಿನ್‌ಗಳ ಪುಟವನ್ನು ತಂದು, ಗುರುತು ನೋಡಿಕೊಂಡು ಕತ್ತರಿಸುತ್ತಿತ್ತು: ದಪ್ಪ ಅಕ್ಷರದಲ್ಲಿದ್ದರೆ ಅದು ಶೀರ್ಷಿಕೆ, ಅದರ ಕೆಳಗಿನದು ವಿಳಾಸ, ಹೀಗೆ. ಆ ಕಡೆಯವರು ಒಂದು ದಿನ ದಪ್ಪ ಅಕ್ಷರ ತೆಗೆದು ನೀಲಿ ಬಣ್ಣ ಹಾಕಿದರೆ ಮುಗಿಯಿತು, ನನ್ನ ಕತ್ತರಿ ಗಾಳಿಯನ್ನು ಕತ್ತರಿಸುತ್ತಿತ್ತು. ಅವರು ಹೇಳಿಕೇಳಿ ಬದಲಾಯಿಸುವವರಲ್ಲ. ನಾಲ್ಕರಲ್ಲಿ ಒಂದಾದರೂ ವಾರಕ್ಕೊಮ್ಮೆ ವೇಷ ಬದಲಾಯಿಸುತ್ತಿತ್ತು.

ಆದ್ದರಿಂದ ಪ್ರತಿ ಬೆಳಿಗ್ಗೆ ಏಳೂವರೆಗೆ, ಒಲೆಯ ಮೇಲೆ ಕುಕ್ಕರಿಟ್ಟು, ನಾಲ್ಕುಮನೆಯಲ್ಲಿ 'ಛತ್ರಿ' ಎಂದು ಹುಡುಕುತ್ತಿದ್ದೆ. ಯಾಕೆ ಛತ್ರಿ ಎಂದರೆ, ಮೊದಲ ದಿನ ಕಣ್ಣೆದುರು ಮೊಳೆಗೆ ನೇತುಹಾಕಿದ್ದು ಅದೇ. ಹನ್ನೊಂದು ವರ್ಷ ದಿನಾ ಛತ್ರಿ ಕೇಳಿದೆ. ಆ ಇಂಜಿನ್‌ಗಳು ನನ್ನನ್ನು ಜಗತ್ತಿನಲ್ಲೇ ಅತಿ ಹೆಚ್ಚು ಮಳೆಯಲ್ಲಿ ನೆನೆದವಳು ಎಂದುಕೊಂಡಿರಬೇಕು. ನಾಲ್ಕೂ ಕಡೆಯಿಂದ ಛತ್ರಿ ಬಂದರೆ ಸರಿ. ಬಾರದಿದ್ದರೆ ಯಾವುದು ಕೆಟ್ಟಿದೆ ನೋಡಿ, ಹೊಸ ಗುರುತು ಹಿಡಿದು, ಫೈಲು ತಿದ್ದಿ, ಮಗಳ ಜಡೆ ಹೆಣೆದು, ಎಂಟೂಕಾಲಕ್ಕೆ ಬಸ್ಸು ಹಿಡಿಯಬೇಕು. ಏನು ತಿದ್ದಿದೆ ಎಂಬುದನ್ನು ಅಡುಗೆಮನೆಯ ಬಾಗಿಲಿಗೆ ನೇತುಹಾಕಿದ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತಿದ್ದೆ. ಗ್ಯಾಸ್ ಬಂದದ್ದು, ಮಗಳ ಲಸಿಕೆ, ಮೂರನೇ ಇಂಜಿನ್ನಿನ ನೀಲಿ ಬಣ್ಣ, ಎಲ್ಲ ಒಂದೇ ಚೌಕದೊಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಆ ಹೊತ್ತಿಗೇ ಅತ್ತೆಗೆ ತಮ್ಮ ತಂಗಿಗೆ ಫೋನ್ ಮಾಡಬೇಕಾಗುತ್ತಿತ್ತು. ರಿಸೀವರ್ ಎತ್ತಿದರೆ ಕಿರುಚಾಟ. "ನಿನ್ನ ಯಂತ್ರ ಇನ್ನೂ ಅಳ್ತಿದೆ. ಯಾವಾಗ ಮಲಗಿಸ್ತೀಯ?" ಎನ್ನುತ್ತಿದ್ದರು. ನಾನು "ಐದು ನಿಮಿಷ ಅತ್ತೆ" ಎನ್ನುತ್ತಿದ್ದೆ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಮೂರನೇ ವರ್ಷ ಒಂದು ಪತ್ರಿಕೆಯವರು ತಾಣದ ಬಗ್ಗೆ ಬರೆಯುವುದಿದೆ, 'ಪರಿಚಯ' ಎಂಬ ಪುಟ ಹಾಕಿ ಎಂದರು. ಹತ್ತು ನಿಮಿಷವಿತ್ತು. ಹಿಂದಿನ ವಾರವಷ್ಟೇ ನಾನು ನಲವತ್ತು ಪಿಎಚ್‌ಡಿ ಪ್ರಬಂಧಗಳಿಗೆ ಕಾರ್ಡು ಬರೆದಿದ್ದೆ. ನಲವತ್ತರಲ್ಲೂ ಮೊದಲ ಪುಟದಲ್ಲಿ ಹೆಂಡತಿಗೆ ಒಂದು ಕೃತಜ್ಞತೆಯ ಸಾಲು ಇತ್ತು, ಟೈಪಿಸ್ಟಿಗಿಂತ ಮೊದಲು, ಮಾರ್ಗದರ್ಶಕರಾದ ಮೇಲೆ. ಕೈ ತನ್ನ ಪಾಡಿಗೆ ಬರೆಯಿತು: 'ಈ ತಾಣವನ್ನು ಭೌತಶಾಸ್ತ್ರ ಅಧ್ಯಾಪಕರಾದ ಇಂಥವರು ಪತ್ನಿಯ ಸಹಕಾರದೊಂದಿಗೆ ರೂಪಿಸಿದ್ದಾರೆ.' ಓದಿ ನೋಡಿದೆ. ಚೆನ್ನಾಗಿದೆ ಅನ್ನಿಸಿತು. ಬಸ್ಸಿಗೆ ಓಡಿದೆ.

ಯಾರೂ ನನ್ನ ಕೈ ತಿರುಚಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ನನ್ನ ಬಗ್ಗೆ ಕನಿಕರ ಹುಟ್ಟುವ ಸಂಭವವಿದೆ.

ಪತ್ರಿಕೆಯಲ್ಲಿ ಇವರ ಫೋಟೋ ಬಂತು. ಅಂಗಿಯ ಇಸ್ತ್ರಿ ಚೆನ್ನಾಗಿ ಕಂಡಿತ್ತು, ಅದು ನನ್ನದು. ಒಮ್ಮೆ ಎರಡನೇ ಇಂಜಿನ್ನಿನ ಕಂಪನಿಯಿಂದ ಸಿಟ್ಟಿನ ಪತ್ರವೂ ಬಂತು: ನಮ್ಮ ಜಾಹೀರಾತು ತೋರಿಸದೆ ನಮ್ಮ ಉತ್ತರಗಳನ್ನು ಒಯ್ಯುತ್ತಿದ್ದೀರಿ ಮಹಾಶಯರೇ, ಅಂತ. ಮಹಾಶಯರ ಪರವಾಗಿ ನಾನೇ ವಿನಯದ ಉತ್ತರ ಬರೆದು ಮಹಾಶಯರ ಸಹಿ ಹಾಕಿದೆ. ಸಹಿ ಅವರದ್ದಕ್ಕಿಂತ ಚೆನ್ನಾಗಿ ಬಂತು.

ಹತ್ತನೇ ವರ್ಷದಲ್ಲಿ ಒಂದು ಬೆಳಿಗ್ಗೆ ಛತ್ರಿ ಹುಡುಕಿದಾಗ ಮೊದಲ ಸ್ಥಾನದಲ್ಲಿ ಬಾಗಿಲು ಮುಚ್ಚಿ ವರ್ಷವಾದ ಒಂದು ಛತ್ರಿ ಅಂಗಡಿ ಬಂದು ಕೂತಿತ್ತು. ಮೂರು ಇಂಜಿನ್‌ಗಳು ಅದನ್ನೇ ಹೇಳಿದ್ದವು, ಅದೇ ಸ್ಥಾನದಲ್ಲಿ, ಅದರ ಕೆಳಗಿನ ಒಂಬತ್ತು ಉತ್ತರಗಳೂ ಅದೇ ಸಾಲಿನಲ್ಲಿ. ಅದೇ ದಿನ ಸಂಜೆ ಅತ್ತೆ ಮತ್ತು ಮಗಳು ಇಬ್ಬರೂ ಕನ್ನಡಕ ಫ್ರಿಜ್ಜಿನ ಮೇಲಿದೆ ಎಂದರು. ಇರಲಿಲ್ಲ. "ನಿಂಗೆ ಹೇಗೆ ಗೊತ್ತು?" ಎಂದು ಮಗಳನ್ನು ಕೇಳಿದರೆ, "ಅಜ್ಜಿ ಹೇಳಿದ್ರು" ಎಂದಳು. ಆಗ ತಲೆಗೆ ಹೋಯಿತು. ಎರಡನೆಯದೂ ಮೂರನೆಯದೂ ಸ್ವಂತ ಹುಡುಕುವುದನ್ನು ಬಿಟ್ಟು ಮೊದಲನೆಯದರಿಂದ ಉತ್ತರ ಕೊಳ್ಳಲು ಶುರುಮಾಡಿದ್ದವು. ಹೊರಗೆ ಮೂರು ಮನೆ, ಒಳಗೆ ಅಡುಗೆ ಒಂದೇ ಕಡೆ. ಇಬ್ಬರು ಒಪ್ಪಿದರೆ ನಿಜ ಎಂಬ ನನ್ನ ನಿಯಮಕ್ಕೆ ಅರ್ಥವೇ ಉಳಿದಿರಲಿಲ್ಲ. ಇನ್ನೊಂದು ವರ್ಷ ಎಳೆದಾಡಿ ಮುಚ್ಚಿದೆ. ಕೊನೆಯ ದಿನದ ಚೌಕದಲ್ಲಿ 'ನಾಲ್ಕುಮನೆ ಮುಚ್ಚಿದೆ. ಮಿಕ್ಸಿ ರಿಪೇರಿ' ಎಂದು ಬರೆದೆ.

ಆಮೇಲೆ ಬಹಳ ವರ್ಷ ಯಾರೂ ಕೇಳಲಿಲ್ಲ. ಹೋದ ವರ್ಷ ಕಾಲೇಜಿನವರು ಹಳೆಯ ಪ್ರಯೋಗಾಲಯದಲ್ಲಿ ಒಂದು ಕಾಯಂ ಪ್ರದರ್ಶನ ಇಡುತ್ತೇವೆ, ಅದರಲ್ಲಿ ನಾಲ್ಕುಮನೆಗೂ ಒಂದು ಫಲಕವಿದೆ ಎಂದು ಇವರಿಗೆ ಪತ್ರ ಬರೆದರು. ಒಂದು ಗುರುವಾರ ಪ್ರದರ್ಶನದ ಉಸ್ತುವಾರಿ ಮೇಡಂ ಮನೆಗೆ ಬಂದರು. ನಲವತ್ತರ ಆಸುಪಾಸು, ಚಪ್ಪಲಿ ಸದ್ದಾಗದ ಹಾಗೆ ನಡೆಯುವವರು, ಪ್ರತಿ ಮಾತಿಗೂ ಟಿಪ್ಪಣಿ. ಇವರು ಹೊಸ ಅಂಗಿ ಹಾಕಿ ಸೋಫಾದಲ್ಲಿ ಕೂತಿದ್ದರು. ನಾನು ಟ್ರೇಯಲ್ಲಿ ಟೀ, ಬಿಸ್ಕತ್ತು ತಂದೆ. ಯಾರು ತರಬೇಕಿತ್ತು ಎಂದು ಆಮೇಲೆ ಮಗಳು ಫೋನಿನಲ್ಲಿ ಕೇಳಿದಳು.

ಇವರು ಚೆನ್ನಾಗಿಯೇ ಹೇಳುತ್ತಿದ್ದರು. ನಾಲ್ಕು ಕಡೆ ಬೇರೆಬೇರೆ ಕೇಳಿ ಬೇಸತ್ತದ್ದು, ಇಬ್ಬರು ಒಪ್ಪಿದ್ದನ್ನು ಮೇಲೆ ಹಾಕುವ ಉಪಾಯ, ಎಲ್ಲ ಕ್ರಮವಾಗಿ. ನಡುನಡುವೆ 'ನಾವು' ಎಂದೂ ಅನ್ನುತ್ತಿದ್ದರು. ಕೇಳುತ್ತಾ ಕೇಳುತ್ತಾ ಇವರೇ ಮಾಡಿದ್ದಿರಬೇಕು ಎಂದು ನನಗೂ ಅನ್ನಿಸಿಬಿಟ್ಟಿತ್ತು. ಆಗ ಮೇಡಂ ಪೆನ್ನು ನಿಲ್ಲಿಸಿ ಕೇಳಿದರು, "ಸರ್, ಆ ಇಂಜಿನ್‌ಗಳು ಆಗಾಗ ಪುಟ ಬದಲಾಯಿಸ್ತಿದ್ವಲ್ಲ? ಇಂಥ ತಾಣಗಳು ಅದಕ್ಕೇ ಒಂದೆರಡು ವರ್ಷದಲ್ಲಿ ಮುಚ್ಚಿಹೋಗ್ತಿದ್ವು. ನಿಮ್ಮದು ಹನ್ನೊಂದು ವರ್ಷ ಹೇಗೆ ನಡೀತು?"

"ಅದಾ? ಅದು ತಾನಾಗೇ ಸರಿಹೋಗ್ತಿತ್ತು," ಎಂದರು ಇವರು.

ಸುಳ್ಳು ಹೇಳಲಿಲ್ಲ. ಇವರು ಸುಳ್ಳು ಹೇಳುವವರಲ್ಲ. ಇವರು ಕಂಡ ಮಟ್ಟಿಗೆ ನೆಲ ತಾನಾಗೇ ಗುಡಿಸಿಕೊಳ್ಳುತ್ತದೆ, ಒಗೆದ ಬಟ್ಟೆ ತಾನಾಗೇ ಮಡಚಿಕೊಂಡು ಬೀರು ಸೇರುತ್ತದೆ, ಸೋಪು ಕರಗಿದ ದಿನವೇ ಹೊಸ ಸೋಪು ತಾನಾಗೇ ಹುಟ್ಟುತ್ತದೆ. ಇಷ್ಟೆಲ್ಲ ತಾನಾಗೇ ಆಗುವ ಮನೆಯಲ್ಲಿ ಒಂದು ವೆಬ್‌ಸೈಟ್ ಯಾಕೆ ಆಗಬಾರದು?

"ತಾನಾಗೇ ಅಲ್ಲ," ಎಂದೆ. ದನಿ ಗುಡುಗಬೇಕಿತ್ತು. ಗುಡುಗಲಿಲ್ಲ. ಅದರ ಬೆನ್ನಿಗೇ "ಬಿಸ್ಕತ್ತು ತಗೊಳ್ಳಿ" ಎಂದೂ ಅಂದೆ. ದಂಗೆಯೇಳುವಾಗ ಬಿಸ್ಕತ್ತು ಹಂಚುವವಳು ನಾನೊಬ್ಬಳೇ ಇರಬೇಕು.

ಮೇಡಂ ತಿರುಗಿದರು. "ಅಂದ್ರೆ?"

"ನಾನು ಸರಿಮಾಡ್ತಿದ್ದೆ. ದಿನಾ. ಮಾಡಿದ್ದೂ ನಾನೇ. ಮೊದಲಿಂದ."

ಇವರು ಟೀ ಲೋಟ ಕೆಳಗಿಟ್ಟರು. ಮೇಡಂ ಸಂಕೋಚದಿಂದ ತಮ್ಮ ಫೈಲು ತೆರೆದರು. "ಬೇಜಾರು ಮಾಡ್ಕೋಬೇಡಿ. ನನ್ನ ಹತ್ರ ಐದು ಆಧಾರಗಳಿವೆ. ಪತ್ರಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ, ಒಂದು ವಿಶ್ವಕೋಶ, ಒಂದು ಪ್ರಬಂಧ, ಇನ್ನೊಂದು ವೆಬ್‌ಸೈಟ್. ಐದೂ ಕಡೆ ಸರ್ ಹೆಸರೇ ಇದೆ."

"ಐದರಲ್ಲೂ 'ಪತ್ನಿಯ ಸಹಕಾರದೊಂದಿಗೆ' ಅಂತಿದೆಯಾ ನೋಡಿ."

ಅವರು ಒಂದೊಂದಾಗಿ ನೋಡಿದರು. "ಹೌದು. ಐದರಲ್ಲೂ ಇದೆ."

"ಹಾಗಾದ್ರೆ ಅದು ಐದಲ್ಲ, ಒಂದು. ತಾಣದ ಪರಿಚಯ ಪುಟದಿಂದ ಎತ್ಕೊಂಡಿದ್ದಾರೆ. ಆ ಸಾಲು ಬರೆದವಳು ನಾನು."

ಇವರು ನನ್ನ ಕಡೆ ತಿರುಗಿ, "ಅದು ನೀನು ಬರೆದಿದ್ದಾ? ನಾನೇ ಬರೆದಿದ್ದು ಅಂದ್ಕೊಂಡಿದ್ದೆ. ಚೆನ್ನಾಗಿತ್ತು," ಎಂದರು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ವಯಸ್ಸು ಎಂಬತ್ತೆರಡು, ಕಿವಿ ಮಾತ್ರ ಇಪ್ಪತ್ತರದು, ಬಾಯಿ ಹಾಕಿದರು. "ಆ ಯಂತ್ರ ಇವಳದೇ. ಹನ್ನೊಂದು ವರ್ಷ ಬೆಳಿಗ್ಗೆ ಹೊತ್ತು ನನ್ನ ತಂಗಿಗೆ ಒಂದು ಫೋನ್ ಮಾಡೋಕೆ ಬಿಟ್ಟಿಲ್ಲ. ಬರ್ಕೊಳ್ಳಿ ಅದನ್ನ." ನನ್ನ ಪರವಾಗಿ ಅತ್ತೆ ಆಡಿದ ಮೊದಲ ಮಾತು ಅದು. ದೂರಿನ ರೂಪದಲ್ಲಿತ್ತು, ಆದರೂ ಇಟ್ಟುಕೊಂಡೆ.

ಮೇಡಂ ಬರೆದುಕೊಂಡರು. ಆದರೆ ಮನೆಯವರ ಬಾಯಿಮಾತು ಸಾಲದು ಎಂದರು. ಕಾಲೇಜಿನ ಆ ದೊಡ್ಡ ಕಂಪ್ಯೂಟರಿನ, ಅಂದರೆ ಹಳೆಯ ಸರ್ವರಿನ, ಬ್ಯಾಕಪ್ ಟೇಪು ಸಿಕ್ಕಿದೆ, ಪ್ರೋಗ್ರಾಂ ಫೈಲುಗಳನ್ನು ಯಾವ ದಿನ ಎಷ್ಟು ಗಂಟೆಗೆ ತಿದ್ದಲಾಗಿದೆ ಎಂಬುದೆಲ್ಲ ಅದರಲ್ಲಿದೆ. ಆದರೆ ಎಲ್ಲವೂ ಸರ್ ಅಕೌಂಟಿನಿಂದ. "ಆ ಕಾಲದ್ದು, ನಿಮ್ಮ ಕೈಬರಹದ್ದು ಏನಾದ್ರೂ ಇದ್ರೆ ಹೇಳಿ ಮೇಡಂ. ಸೋಮವಾರ ಫಲಕ ಮುದ್ರಣಕ್ಕೆ ಹೋಗುತ್ತೆ. ಒಂದ್ಸಲ ಗೋಡೆಗೆ ಹೋದ್ರೆ ಆಮೇಲೆ ತೆಗೆಯಲ್ಲ."

"ಅಯ್ಯೋ, ಯಾರ ಹೆಸರಾದ್ರೇನು ಬಿಡಿ," ಎಂದೆ ನಾನು, ದೊಡ್ಡ ಮನಸ್ಸಿನವಳ ಹಾಗೆ. ಅವರು ಗೇಟು ದಾಟುವ ಮೊದಲೇ ಟ್ರಂಕು ಎಳೆದಿದ್ದೆ.

ಕ್ಯಾಲೆಂಡರುಗಳು ಬೇಕಿದ್ದವು. ಶುಕ್ರವಾರವಿಡೀ ಹುಡುಕಿದೆ. ಅಟ್ಟ, ಎರಡು ಟ್ರಂಕು, ಮಗಳ ಹಳೆಯ ಪುಸ್ತಕದ ರಟ್ಟಿನ ಪೆಟ್ಟಿಗೆಗಳು, ಮಂಚದ ಕೆಳಗೆ. ಇವರು ಹಿಂದೆ ಹಿಂದೆ ಸುತ್ತುತ್ತಾ, "ನೀನು ಒಂದ್ಸಲನಾದ್ರೂ ಹೇಳ್ಬೇಕಿತ್ತು," ಎಂದರು.

"ದಿನಾ ಹೇಳ್ತಿದ್ದೆ. 'ಮೂರನೆಯದು ಕೆಟ್ಟಿದೆ, ಸ್ವಲ್ಪ ಕುಕ್ಕರ್ ಆರಿಸಿ' ಅಂತ."

"ಕುಕ್ಕರ್ ಅಂದಿದ್ದು ನೆನಪಿದೆ," ಎಂದರು ಪ್ರಾಮಾಣಿಕವಾಗಿ.

ಹೆಸರಿನ ಆಸೆ ನನಗಿಲ್ಲ ಎಂದು ಎಷ್ಟೋ ವರ್ಷ ನಂಬಿದ್ದೆ. ಅಟ್ಟದ ಮೇಲೆ ಮೂಗಿಗೆ ಧೂಳು ಹೋಗಿ ಸೀನುತ್ತಾ ಕೂತಾಗ ಗೊತ್ತಾಯಿತು, ಆಸೆ ಬೇಕಾದಷ್ಟಿತ್ತು, ಮಡಚಿಟ್ಟಿದ್ದೆ ಅಷ್ಟೆ. ಎರಡು ದಿನದಲ್ಲಿ ಅದು ಗೋಡೆಗೆ ಹೋಗದಿದ್ದರೆ ಇನ್ನು ಯಾವ ಗೋಡೆಗೂ ಹೋಗುವುದಿಲ್ಲ. ಹನ್ನೊಂದು ವರ್ಷದ ಬೆಳಗುಗಳು 'ತಾನಾಗೇ' ಎಂಬ ಒಂದು ಪದಕ್ಕೆ ಸೇರಿಹೋಗುತ್ತವೆ.

ಶನಿವಾರ ಬೆಳಿಗ್ಗೆ ಅತ್ತೆ ಕೇಳಿದರು, "ನಿನ್ನೆಯಿಂದ ಅದೇನು ಇಲಿ ಥರ ಕೆರೀತಿದ್ದೀಯ?"

"ಹಳೇ ಕ್ಯಾಲೆಂಡರ್ ಅತ್ತೆ. ಅಡುಗೆಮನೆಯದು."

"ಡಬ್ಬಿ ಕೆಳಗಿದ್ದಾವಲ್ಲ."

ನಾನು ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡೆ.

"ನಾಲ್ಕು ಜನರನ್ನ ಕೇಳಿ ಹುಡುಕೋ ಯಂತ್ರ ಮಾಡಿದ ಮಹರಾಯ್ತಿ," ಎಂದರು ಅತ್ತೆ, "ಮನೇಲಿರೋ ಒಬ್ಬಳನ್ನ ಕೇಳೋಕಾಗ್ಲಿಲ್ವಾ ನಿಂಗೆ?"

ಕೇಳಿರಲಿಲ್ಲ. ಕನ್ನಡಕಕ್ಕೆ ಎಲ್ಲರನ್ನೂ ಕೇಳುತ್ತಿದ್ದವಳು ನನ್ನದೇ ವಸ್ತು ಕಳೆದಾಗ ಯಾರನ್ನೂ ಕೇಳದೆ ಒಬ್ಬಳೇ ಒದ್ದಾಡಿದ್ದೆ. ನನ್ನದಕ್ಕೆ ಬೇರೆಯವರಿಗೆ ಯಾಕೆ ತೊಂದರೆ ಎಂಬ ಹಳೆಯ ಚಾಳಿ.

ಅಡುಗೆಮನೆಯ ದಾಸ್ತಾನಿನ ಕಪಾಟು ಅತ್ತೆಯ ರಾಜ್ಯ. ಮರದ ಅರೆಗಳು ಏಳು, ಡಬ್ಬಿಗಳು ಐವತ್ತಕ್ಕೂ ಮೇಲೆ. ವರ್ಷಕ್ಕೊಮ್ಮೆ ಅವರೇ ಅರೆಗಳಿಗೆ ಹಾಳೆ ಹಾಸುತ್ತಾರೆ. ಹಳೆಯ ಹಾಳೆಯನ್ನು ತೆಗೆಯುವುದಿಲ್ಲ, ಅದರ ಮೇಲೇ ಹೊಸದು. ತೆಗೆದರೆ ಅರೆಯ ಮರ ತಣ್ಣಗಾಗಿ ಹುಳ ಬರುತ್ತದಂತೆ. ಬರೆದ ಮಗ್ಗುಲು ಕೆಳಗೆ, ಖಾಲಿ ಮಗ್ಗುಲು ಮೇಲೆ. ಅಂಕಿಗಳು ಕಂಡರೆ ಕಣ್ಣಿಗೆ ಕಿರಿಕಿರಿಯಂತೆ. ಈ ಎರಡು ನಿಯಮಗಳನ್ನು ನಾನು ಮದುವೆಯಾದಾಗಿನಿಂದ ಒಳಗೊಳಗೇ ಆಡಿಕೊಂಡು ನಕ್ಕಿದ್ದೆ, ಆ ಹಾಳೆಗಳೇ ನನ್ನ ಕ್ಯಾಲೆಂಡರು ಎಂಬುದು ಮಾತ್ರ ಹೊಳೆದಿರಲಿಲ್ಲ.

"ಒಂದೊಂದೇ ಇಳಿಸ್ಬೇಕು. ಎಲ್ಲಿತ್ತೋ ಅಲ್ಲೇ ಹೋಗ್ಬೇಕು," ಎಂದು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು. ನಾನು ಸ್ಟೂಲು ಹತ್ತಲು ಹೋದೆ. "ನೀನಲ್ಲ. ನಿಂಗೆ ಸೊಂಟ. ಅವನು ಹತ್ತಲಿ."

ಇವರು ಹತ್ತಿದರು. ಮೂವತ್ತೈದು ವರ್ಷದಲ್ಲಿ ಆ ಕಪಾಟಿನ ಮೇಲಿನ ಅರೆಯನ್ನು ಇವರು ನೋಡಿದ್ದು ಅದೇ ಮೊದಲು. "ಇಷ್ಟೊಂದು ಡಬ್ಬಿ ನಮ್ಮ ಮನೇಲಿದೆಯಾ?" ಎಂದರು. "ಇದ್ರ ಮೇಲೆ ಬಿಸ್ಕತ್ತು ಅಂತಿದೆ, ಒಳಗೆ ಬಿಳಿ ಪುಡಿ."

"ಅಡುಗೆ ಸೋಡಾ."

"ಬಿಸ್ಕತ್ತು ಎಲ್ಲಿದೆ ಹಾಗಾದ್ರೆ?"

"ಗುರುವಾರ ನೀವೇ ಮುಗಿಸಿದ್ರಿ."

ಹತ್ತೂವರೆಗೆ ಮೊದಲ ಅರೆ ಖಾಲಿಯಾಯಿತು. ನಾನು ಮೇಲಿನ ಹಾಳೆ ಎತ್ತಿದೆ, ಅದರ ಕೆಳಗಿನದನ್ನು, ಅದರ ಕೆಳಗಿನದನ್ನು. ಕೊನೆಯ ವರ್ಷಗಳು ಮೇಲೆ, ಮೊದಲ ವರ್ಷಗಳು ತಳದಲ್ಲಿ. ಎಣ್ಣೆ ಡಬ್ಬಿಯ ಗುಂಡನೆಯ ಕಲೆ ಎಲ್ಲಕ್ಕೂ ಇಳಿದಿತ್ತು, ಆದರೆ ಬರೆದ ಮಗ್ಗುಲು ಕೆಳಗಿದ್ದರಿಂದ ಅಕ್ಷರ ಬಹುಪಾಲು ಉಳಿದಿತ್ತು. ನೂರಮೂವತ್ತೆರಡು ತಿಂಗಳಲ್ಲಿ ಎಪ್ಪತ್ತೊಂದು ಹಾಳೆ ಸಿಕ್ಕವು. ಉಳಿದವು ಮಗಳ ನೋಟ್‌ಬುಕ್ಕಿಗೆ ರಟ್ಟಾಗಿ, ಕರಿದದ್ದರ ಎಣ್ಣೆ ಹೀರಿ ಹೋಗಿದ್ದವು.

ಇವರು ನೆಲದ ಮೇಲೆ ಕೂತು ಜೋರಾಗಿ ಓದತೊಡಗಿದರು. ಕನ್ನಡಕ ಮೂಗಿನ ಮೇಲೇ ಇತ್ತು, ಅಪರೂಪಕ್ಕೆ. "'ಗ್ಯಾಸ್ ಬಂತು. ಮೂರನೆಯದು ಕೆಟ್ಟಿದೆ. ದಪ್ಪಕ್ಷರ ಹೋಗಿ ನೀಲಿ ಬಂದಿದೆ. ಸರಿಮಾಡಿದೆ, 7.40.' 'ಅತ್ತೆ ಕಣ್ಣಿನ ಡಾಕ್ಟರು. ನಾಲ್ಕನೆಯದು ಸಾವಕಾಶ.' 'ಮೊದಲನೆಯದು ವಿಳಾಸದ ಹಿಂದೆ ಏನೋ ಸೇರಿಸಿದೆ. ಕತ್ತರಿಸಿದೆ. ಅನ್ನ ಹೊತ್ತಿತು.'" ಅಲ್ಲಿ ನಿಲ್ಲಿಸಿ, "ಅವತ್ತಿನ ಅನ್ನ ನೆನಪಿದೆ. ನಾನು ಬೈದಿದ್ದೆ," ಎಂದರು.

"ಹೌದು. ಅದನ್ನ ಬರೆದಿಲ್ಲ, ಚೌಕದಲ್ಲಿ ಜಾಗ ಇರ್ಲಿಲ್ಲ."

ನಾಲ್ಕನೇ ಅರೆಯ ತಳದಲ್ಲಿ ಒಂದು ಹಾಳೆ ಸಿಕ್ಕಿತು. ಇವರು ಅದನ್ನು ಜೋರಾಗಿ ಓದಲಿಲ್ಲ. ಎರಡು ಸಲ ಮನಸ್ಸಿನಲ್ಲೇ ಓದಿ ನನ್ನ ಕೈಗಿಟ್ಟರು. 'ಇವರು ಸಮ್ಮೇಳನಕ್ಕೆ, ಐದು ದಿನ' ಎಂದು ಒಂದು ಚೌಕದಿಂದ ಐದನೇ ಚೌಕಕ್ಕೆ ಬಾಣ. ನಡುವಿನ ಚೌಕದಲ್ಲಿ: 'ಮಗಳಿಗೆ ಜ್ವರ 102. ರಜ. ಎರಡನೆಯದೂ ಮೂರನೆಯದೂ ಒಟ್ಟಿಗೆ ಕೆಟ್ಟಿವೆ. ಎರಡನೆಯದು 7.50ಕ್ಕೆ, ಮೂರನೆಯದು ಮಧ್ಯಾಹ್ನ 2ಕ್ಕೆ ಸರಿ.'

"ನಾನು ಆ ವಾರ ಊರಲ್ಲೇ ಇರ್ಲಿಲ್ಲ," ಎಂದರು ಇವರು, ಒಂದು ಪ್ರಯೋಗದ ಫಲಿತಾಂಶ ನೋಡಿದವರ ಹಾಗೆ. ಹೆಂಡತಿ ಹೇಳಿದ್ದನ್ನು ಕೇಳಿ ತಲೆಯಾಡಿಸುವ ಮನುಷ್ಯ ಅಂಕಿ ನೋಡಿದರೆ ಎದ್ದು ಕೂರುತ್ತಾರೆ. ಫೋನ್ ಎತ್ತಿ ಮೇಡಂಗೆ ತಾವೇ ಮಾಡಿದರು. "ಆ ಟೇಪಲ್ಲಿ ಒಂದು ತಾರೀಕು ನೋಡ್ತೀರಾ? ತಾರೀಕು ಮಾತ್ರ ಹೇಳ್ತೀನಿ. ಗಂಟೆ ನೀವು ಹೇಳಿ."

ಅವರು ಹುಡುಕುವ ತನಕ ಅಡುಗೆಮನೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಒಲೆಯ ಮೇಲೆ ಏನೂ ಇರಲಿಲ್ಲ, ಅದೊಂದು ಅದೃಷ್ಟ. ಆಮೇಲೆ ಫೋನಿನಿಂದ ಮೇಡಂ ದನಿ ಬಂತು: "ಅವತ್ತು ಎರಡು ಸಲ ತಿದ್ದಿದೆ ಸರ್. ಬೆಳಿಗ್ಗೆ ಏಳು ಐವತ್ತೊಂದಕ್ಕೆ ಒಂದ್ಸಲ. ಮಧ್ಯಾಹ್ನ ಒಂದು ಐವತ್ತೆಂಟಕ್ಕೆ ಒಂದ್ಸಲ."

ಹದಿನೆಂಟು ತಾರೀಕು ಕೇಳಿದೆವು. ಹದಿನಾರು ಸರಿಹೊಂದಿದವು. ಒಂದರಲ್ಲಿ ಎಣ್ಣೆ ಕೂತು ಅಕ್ಷರ ಹೋಗಿತ್ತು, ಇನ್ನೊಂದರಲ್ಲಿ ನಾನು ತಪ್ಪು ಚೌಕದಲ್ಲಿ ಬರೆದಿದ್ದೆ. ಕಾಲೇಜಿನ ಟೇಪು ನಮ್ಮ ಡಬ್ಬಿಗಳ ಕೆಳಗೆ ಬಂದು ಇಣುಕಿರಲಿಲ್ಲ, ನಮ್ಮ ಕ್ಯಾಲೆಂಡರು ಟೇಪನ್ನು ನೋಡಿರಲಿಲ್ಲ. ಇಬ್ಬರು ಒಪ್ಪಿದರೆ ಸಾಲದು, ಒಬ್ಬರನ್ನೊಬ್ಬರು ಕೇಳದೆ ಒಪ್ಪಬೇಕು. ನಾಲ್ಕುಮನೆ ಮುಚ್ಚಿದ ಇಷ್ಟು ವರ್ಷಕ್ಕೆ ನನ್ನ ನಿಯಮ ರಿಪೇರಿಯಾಯಿತು.

ಭಾನುವಾರ ಮೇಡಂ ಬಂದು ಎಪ್ಪತ್ತೊಂದು ಹಾಳೆಗಳನ್ನೂ ಕೈಗವಸು ಹಾಕಿಕೊಂಡು ಎತ್ತಿ ದೊಡ್ಡ ಫೈಲಿನಲ್ಲಿಟ್ಟುಕೊಂಡರು. ಗ್ಯಾಸ್ ಬಂದ ದಿನಾಂಕಗಳಿಗೆ ಇಂಥ ಮರ್ಯಾದೆ ಎಲ್ಲೂ ಸಿಕ್ಕಿರಲಾರದು. ಫಲಕದ ಕರಡಿನ ಎರಡು ಪ್ರತಿ ಮುದ್ರಿಸಿ ತಂದಿದ್ದರು: 'ರೂಪಿಸಿ, ಹನ್ನೊಂದು ವರ್ಷ ದಿನವೂ ನಡೆಸಿದವರು', ಅದರ ಮುಂದೆ ನನ್ನ ಹೆಸರು, 'ಗ್ರಂಥಾಲಯ ಸಹಾಯಕಿ'. ಅದನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ.

"ಸರ್ ಬಗ್ಗೆ ಏನು ಹಾಕ್ಲಿ?" ಎಂದರು ಮೇಡಂ.

"'ಪತಿಯ ಸಹಕಾರದೊಂದಿಗೆ' ಅಂತ ಹಾಕಿ," ಎಂದೆ, ಬಾಯಿಗೆ ಬಂದದ್ದು ಅದೇ.

ಸ್ಪೀಕರ್ ಹಾಕಿದ ಫೋನಿನಲ್ಲಿದ್ದ ಮಗಳು ಬಿಡಲಿಲ್ಲ. "ಅಮ್ಮಾ, ಮತ್ತೆ ಸುಳ್ಳು ಬರೀಬೇಡ. ಏನು ಸಹಕಾರ ಅಂತ ಕ್ಯಾಲೆಂಡರಲ್ಲಿ ತೋರಿಸು." ನೋಡಿದೆವು. ಎಪ್ಪತ್ತೊಂದು ತಿಂಗಳಲ್ಲಿ 'ಇವರು ಕುಕ್ಕರ್ ಆರಿಸಿದರು' ಎಂದು ಮೂರು ಕಡೆ ಇತ್ತು. ಗ್ರಹಣ ಬರೆದಿಡುವ ಹಾಗೆ ಬರೆದಿಟ್ಟಿದ್ದೆ. ಇವರೇ ನಕ್ಕು, "'ಸರ್ವರ್ ಅಕೌಂಟ್: ಪತಿಯದು' ಅಂತ ಹಾಕಿ. ಅದು ನಿಜ," ಎಂದರು. ಫಲಕದಲ್ಲಿ ಈಗ ಹಾಗೆಯೇ ಇದೆ. ಯಾವುದೇ ಸರ್ಚ್ ಇಂಜಿನ್ನಿನಲ್ಲಿ ಹುಡುಕಿದರೆ ಮಾತ್ರ ಇವತ್ತಿಗೂ ಇವರ ಹೆಸರೇ ಮೊದಲು ಬರುತ್ತದೆ, ಪತ್ನಿಯ ಸಹಕಾರದೊಂದಿಗೆ. ನನ್ನ ಆ ಹತ್ತು ನಿಮಿಷದ ಸಾಲು ನಾನು ಬರೆದ ಯಾವ ಪ್ರೋಗ್ರಾಮಿಗಿಂತಲೂ ಗಟ್ಟಿಮುಟ್ಟಾಗಿದೆ.

ಮೇಡಂ ಹೊರಟ ಮೇಲೆ ನೋಡಿದರೆ ಐವತ್ತಕ್ಕೂ ಮೇಲೆ ಡಬ್ಬಿ ನೆಲದ ಮೇಲೆ, ಏಳು ಅರೆ ಬೋಳು. ಇವರು ಒರೆಸುವ ಬಟ್ಟೆ ಎಲ್ಲಿದೆ ಎಂದು ಕೇಳಿದರು. ಹೇಳಲಿಲ್ಲ. ಅತ್ತೆಯನ್ನೂ ಕೇಳಿದರು, ಅವರೂ ಹೇಳಲಿಲ್ಲ. ಹುಡುಕಿಕೊಂಡರು, ಹತ್ತೊಂಬತ್ತು ನಿಮಿಷ ಹಿಡಿಯಿತು. ಒರೆಸಿ, ಒಂದೊಂದೇ ಡಬ್ಬಿ ಎತ್ತಿ, "ಇದೆಲ್ಲಿತ್ತು?" "ಇದೆಲ್ಲಿತ್ತು?" ಎನ್ನುತ್ತಾ ಸಂಜೆಯ ತನಕ ಇಟ್ಟರು. ಮುಂಚೆ ಇದ್ದ ಜಾಗಕ್ಕೆ ಯಾವುದೂ ಹೋಗಲಿಲ್ಲ. ಉಪ್ಪು ಇವತ್ತಿಗೂ ಸಿಗುವುದು ಕಷ್ಟ. ನಾನು ಕುರ್ಚಿಯಲ್ಲೇ ಕೂತಿದ್ದೆ. ಎದ್ದು ಮಾಡಿಬಿಡೋಣ ಎಂದು ಕೈ ಎಷ್ಟು ತುರಿಸಿತೆಂದರೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಮೇಲಿನ ಅರೆಗೆ ಹಾಸಲು ಹಾಳೆ ಸಾಲಲಿಲ್ಲ. ಅತ್ತೆ ಸುತ್ತ ನೋಡಿ, ಮೇಜಿನ ಮೇಲಿದ್ದ ಫಲಕದ ಕರಡುಗಳಲ್ಲಿ ಒಂದನ್ನು ತೆಗೆದು ಕೈಯಲ್ಲಿ ಸವರಿ ನೋಡಿದರು.

"ದಪ್ಪ ಕಾಗದ. ಬಾಳಿಕೆ ಬರುತ್ತೆ," ಎಂದರು.

"ಅಮ್ಮಾ, ಅದ್ರಲ್ಲಿ ಇವಳ ಹೆಸರಿದೆ," ಎಂದರು ಇವರು ಸ್ಟೂಲಿನ ಮೇಲಿಂದ.

"ಗೊತ್ತು. ಬರೆದ ಮಗ್ಗುಲು ಕೆಳಗೆ ಹಾಕು."

ಇವರು ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಆ ಕಪಾಟಿನಲ್ಲಿ ಹಾಸಿದ್ದು ಯಾವುದೂ ಈ ತನಕ ಕಳೆದುಹೋಗಿಲ್ಲ.